ಜೊತೆಗೆ ಒಬ್ಬರು ಮಾತ್ರ

ಮಿನಿ ಬರುವುದಿಲ್ಲ ಎಂದಳು. ಬಾಯಿಬಿಟ್ಟು ಹೇಳಿದ್ದಲ್ಲ. ಕೆಳಗೆ ಸೇತುವೆಯ ಹತ್ತಿರ ಜೀಪು ಕಾಯುತ್ತಿದೆ, ಬಟ್ಟೆ ಕಟ್ಟಿಕೋ ಅತ್ತಿಗೆ ಎಂದು ಶ್ರೀಜ ಹೊಸ್ತಿಲಾಚೆ ನಿಂತು ಹೇಳಿದಾಗ, ಒಲೆಯ ಮುಂದೆ ಕೂತಿದ್ದವಳು ಕೂತೇ ಇದ್ದಳು. ಉರಿಯುತ್ತಿದ್ದ ಕೊಳ್ಳಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು, ಅಷ್ಟೆ. ಕೊಲ್ಲಿಮೂಲೆಯಲ್ಲಿ ಹುಟ್ಟಿದ ಯಾರಿಗೂ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶ್ರೀಜ ಅಲ್ಲೇ ಹುಟ್ಟಿದವಳು. ಮಲಯಾಳ ಸೀಮೆಯ ಗಡಿಯಲ್ಲಿ, ತೋಲ್ಪೆಟ್ಟಿಯಿಂದ ಒಳಕ್ಕೆ, ಕಾಡೂ ಕಾಫಿ ತೋಟವೂ ಒಂದನ್ನೊಂದು ಮುಟ್ಟುವ ಕಡೆ ಇರುವ ಕಾಡುಜನರ ಹಾಡಿ ಅದು. ಅಲ್ಲಿಂದ ಡಿಗ್ರಿ ಮುಗಿಸಿದ ಮೊದಲಿನವಳು ಅವಳೇ. ಓದು ಮುಗಿದ ಮೇಲೆ ಪ್ರಮೋಟರ್ ಕೆಲಸ ಸಿಕ್ಕಿತು. ಹಾಡಿಗೂ ಸರ್ಕಾರಿ ಕಚೇರಿಗೂ ನಡುವೆ ಓಡಾಡುವುದು, ಇಲ್ಲಿಯ ಮಾತನ್ನು ಅಲ್ಲಿಗೆ, ಅಲ್ಲಿಯ ಮಾತನ್ನು ಇಲ್ಲಿಗೆ ಮುಟ್ಟಿಸುವುದು. ಈಗ ಮುಟ್ಟಿಸಬೇಕಾಗಿದ್ದುದು ಮಾತಲ್ಲ, ಸ್ವಂತ ಅಣ್ಣನ ಹೆಂಡತಿ. ಪೇಟೆಯ ಆಸ್ಪತ್ರೆಯ ಪಕ್ಕದಲ್ಲಿ ಬರುವ ಸೋಮವಾರ ಬಸುರಿಯರ ತಂಗುಮನೆಯ ಉದ್ಘಾಟನೆ ಇತ್ತು. ಅದರ ಮೊದಲ ಮಂಚ ಮಿನಿಗೆ, ಅವಳು ಎರಡು ದಿನ ಮೊದಲೇ ಬಂದು ಸೇರಲಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಮಿನಿಯೊಬ್ಬಳನ್ನು ಬಿಟ್ಟು.

ಎರಡು ಮಳೆಗಾಲದ ಹಿಂದೆ ಮಿನಿ ಚೊಚ್ಚಲ ಮಗುವನ್ನು ಜೀಪಿನಲ್ಲಿ ಕಳೆದುಕೊಂಡಿದ್ದಳು. ನೋವು ಶುರುವಾಗಿ ಹೊರಟಾಗ ದಾರಿಗೆ ಆನೆಗಳು ಅಡ್ಡ ನಿಂತವು. ಅವು ಸರಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಾಡಿಯವರು ಆನೆಯ ಮಾತು ಎತ್ತುವುದಿಲ್ಲ. ಅವರು ನೆನಪಿಸಿಕೊಳ್ಳುವುದು ಜೀಪಿನ ಡ್ರೈವರನ ಮಾತನ್ನು. ಇಷ್ಟು ಜನ ಆಗುವುದಿಲ್ಲ, ಇಳಿಯಿರಿ ಎಂದಿದ್ದ ಅವನು. ಮಿನಿಯ ತಾಯಿ ಇಳಿದಳು, ಅತ್ತೆ ಇಳಿದಳು, ಹಾಡಿಯಲ್ಲಿ ಹೆರಿಗೆ ಮಾಡಿಸುವ ಕಾಳಿ ಅಜ್ಜಿಯೂ ಇಳಿದಳು.

ಕೊಲ್ಲಿಮೂಲೆಯಲ್ಲಿ ಹೆರಿಗೆಗೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ಬಂದವರನ್ನು ತಡೆಯುವ ಪದ್ಧತಿಯೂ ಇಲ್ಲ. ಗೊತ್ತಾದವರು ತಾವಾಗಿ ಬಂದು ಕೂರುತ್ತಾರೆ. ಹೆರುವವಳ ಬಾಗಿಲಿಂದ ಒಬ್ಬರನ್ನು ಹಿಂದಕ್ಕೆ ಕಳಿಸಿದರೆ, ಹೊರಟು ನಿಂತ ಮಗುವಿಗೂ ಆ ಮಾತು ಕೇಳಿಸುತ್ತದೆ: ಬೇಡ, ಹೋಗು. ಆದ್ದರಿಂದಲೇ ಇಂಥವರು ಬರಲಿ ಎಂದು ಮುಂಚಿತವಾಗಿ ಹೆಸರು ಹೇಳುವುದೂ ಇಲ್ಲ. ಒಬ್ಬರ ಹೆಸರು ಬಾಯಿಗೆ ಬಂದರೆ ಉಳಿದವರೆಲ್ಲರನ್ನೂ ಬೇಡ ಎಂದ ಹಾಗೆ.

ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ಎಂದು ಶ್ರೀಜ ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಮಗು ಹೋದದ್ದು ಡಾಕ್ಟರ ಹತ್ತಿರ ಮುಟ್ಟಲು ತಡವಾದದ್ದರಿಂದ. ಅದು ಅವಳಿಗೆ ಗೊತ್ತು. ಆದರೆ ಮಿನಿಯ ಕಿವಿಯಲ್ಲಿ ಇನ್ನೂ ಉಳಿದಿರುವುದು ಇಳಿಯಿರಿ ಎಂಬ ಮಾತು, ಅದೂ ಅವಳಿಗೆ ಗೊತ್ತು. ಎರಡರಲ್ಲಿ ಒಂದನ್ನು ತಳ್ಳಿಹಾಕಲು ಅವಳ ಡಿಗ್ರಿ ಅವಳಿಗೆ ನೆರವಾಗಿರಲಿಲ್ಲ.

ಆ ಮಗುವಿನ ಸಾವು ಪೇಪರಿನಲ್ಲಿ ಬಂತು. ಪೇಟೆಯ ಬಸುರಿಗೂ ಹಾಡಿಯ ಬಸುರಿಗೂ ಇಷ್ಟು ಅಂತರ ಏಕೆ ಎಂದು ಸಭೆಗಳಾದವು. ಇಲ್ಲಿನವರಿಂದ ಇದು ಬಗೆಹರಿಯುವುದಿಲ್ಲ, ಹೊರಗಿನ ತಜ್ಞರನ್ನು ಕರೆಸಿ ಆರೋಗ್ಯದ ಏರ್ಪಾಡನ್ನೇ ಬುಡದಿಂದ ಬದಲಿಸೋಣ ಎಂದು ಪಂಚಾಯತಿ ತೀರ್ಮಾನಿಸಿತು. ಬೆಂಗಳೂರಿನ ಒಂದು ಸಂಸ್ಥೆಗೆ ಕೆಲಸ ಒಪ್ಪಿಸಿದರು. ತಂಡದ ಮುಖ್ಯಸ್ಥೆ ವಿದ್ಯ ಕನ್ನಡದವಳು, ಕನ್ನಡಕ್ಕೆ ಹತ್ತಿರವಾದ ಕಾಡಿನವರ ಮಾತು ಅವಳಿಗೆ ಅರ್ಥವಾಗುತ್ತದೆ ಎಂಬುದು ಅದಕ್ಕೊಂದು ಕಾರಣ.

ವಿದ್ಯ ಕೆಟ್ಟವಳಾಗಿದ್ದರೆ ಶ್ರೀಜಳ ಕೆಲಸ ಹಗುರವಾಗುತ್ತಿತ್ತು. ಜಿಗಣೆಗಳ ಕಾಲದಲ್ಲಿ ಕಾಲಿಗೆ ಉಪ್ಪು ಸವರಿಕೊಂಡು ಅವಳು ಹಾಡಿ ಹಾಡಿ ತಿರುಗಿದಳು. ಕೊಟ್ಟ ಗಂಜಿ ಕುಡಿದಳು. ಆಸ್ಪತ್ರೆ ಎಲ್ಲ ಹೆಂಗಸರಿಗೂ ಒಂದೇ ದೂರದಲ್ಲಿರಬೇಕು ಎಂದು ಅವಳು ಒಮ್ಮೆ ಹೇಳಿದ ಮಾತನ್ನು ಶ್ರೀಜ ಬಹಳ ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದಳು. ರಕ್ತ ಪರೀಕ್ಷೆಯ ವ್ಯಾನು ಹಾಡಿಗೇ ಬರುವಂತಾದದ್ದು ಅವಳಿಂದ. ತಂಗುಮನೆಯ ಯೋಚನೆಯೂ ಅವಳದ್ದೇ. ತಿಂಗಳು ತುಂಬಿದವಳು ಆಸ್ಪತ್ರೆಯ ಗೋಡೆಯ ಪಕ್ಕದಲ್ಲೇ ಇದ್ದರೆ ಆನೆಗಳು ಬೇಕಾದಷ್ಟು ಹೊತ್ತು ದಾರಿಯಲ್ಲಿ ನಿಂತುಕೊಳ್ಳಲಿ. ಈ ಸಲ ಮಿನಿಯ ರಕ್ತದೊತ್ತಡ ಏರುತ್ತಿತ್ತು, ಕಾಲು ಊದಿಕೊಂಡಿತ್ತು. ಕೊನೆಯ ವಾರಗಳಲ್ಲಿ ಹಾಡಿಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ತಂಗುಮನೆ ಎದ್ದು ನಿಲ್ಲುವುದನ್ನು ಶ್ರೀಜಳಷ್ಟು ಆಸೆಯಿಂದ ಕಾದವರು ಬೇರೆ ಯಾರೂ ಇರಲಿಲ್ಲ.

ಆಮೇಲೆ ಕಚೇರಿಯ ಗೋಡೆಗೆ ಅದರ ನಿಯಮಗಳನ್ನು ಅಂಟಿಸಿದರು. ಜೊತೆಗೆ ಒಬ್ಬರು ಮಾತ್ರ. ಮೊದಲೇ ಹೆಸರು ಕೊಟ್ಟು ಪಾಸು ಪಡೆದಿರಬೇಕು. ಊರುಕೂಟದಲ್ಲಿ ಸಮುದಾಯ ಇದಕ್ಕೆ ಒಪ್ಪಿದೆ.

ಆ ಊರುಕೂಟ ಶ್ರೀಜಳಿಗೆ ಚೆನ್ನಾಗಿ ನೆನಪಿತ್ತು. ಹಾಡಿಯವರೆಲ್ಲ ಕೂತಿದ್ದರು. ವಿದ್ಯ ನೆಲದ ಮೇಲೆ ಬಣ್ಣದ ಕಾರ್ಡುಗಳನ್ನು ಹರಡಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ನೀರೆಷ್ಟು ದೂರ, ಜ್ವರ ಬಂದರೆ ಮೊದಲು ಯಾರ ಹತ್ತಿರ ಹೋಗುತ್ತೀರಿ. ನಗುತ್ತಾ, ಜಗಳವಾಡುತ್ತಾ ಎಲ್ಲರೂ ಉತ್ತರ ಕೊಟ್ಟರು. ಬಸುರಿಯ ಜೊತೆ ಇರಲು ಯಾರನ್ನು ಕಳಿಸುತ್ತೀರಿ ಎಂದು ಕೇಳಿದಾಗ ಮಾತ್ರ ಕೂಟ ಸ್ತಬ್ಧವಾಯಿತು. ಆಗಷ್ಟೇ ಮುಟ್ಟು ನಿಂತಿದ್ದ ಮಿನಿ ಅಲ್ಲೇ ಕೂತಿದ್ದಳು. ನಾಚಿಕೊಳ್ಳಬೇಡಿ ಎಂದು ವಿದ್ಯ ನಕ್ಕಳು. ಕಾದಳು. ಕೊನೆಗೆ ಶ್ರೀಜಳ ಕಡೆ ನೋಡಿದಳು. ಬೆಳಿಗ್ಗೆಯಿಂದ ಎಲ್ಲದಕ್ಕೂ ಪಟಪಟನೆ ವಿವರಣೆ ಕೊಟ್ಟಿದ್ದ ಶ್ರೀಜ ಕಣ್ಣು ತಗ್ಗಿಸಿ ನೆಲ ನೋಡಿದಳು. ಇದನ್ನು ಹೇಳಬಾರದು ಎಂದು ವಿವರಿಸಿದರೂ ಹೇಳಿದಂತೆಯೇ ಆಗುತ್ತಿತ್ತು, ಅದೂ ಮಿನಿಯ ಮುಂದೆ. ವಿದ್ಯ ಆ ಕಾರ್ಡನ್ನು ಬದಿಗಿಟ್ಟು ಮುಂದಿನದನ್ನು ಎತ್ತಿಕೊಂಡಳು.

ಈಗ ಒಲೆಯ ಮುಂದಿನಿಂದ ಮಿನಿ ತಲೆ ಎತ್ತಿದಳು.

"ಯಾರನ್ನ ಕರ್ಕೊಂಡ್ ಹೋಗ್ಲಿ ನಾನು? ಅಮ್ಮನ್ನ ಕರ್ಕೊಂಡು ಅಜ್ಜಿನ ಬೇಡ ಅನ್ಲಾ? ಒಂದ್ಸಲ ಆ ಡ್ರೈವರ್ ಅಂದು ಆಗಿದೆ ಶ್ರೀಜ. ಇನ್ನೊಂದ್ಸಲ ನನ್ ಬಾಯಲ್ಲಿ ಅದು ಬರಲ್ಲ."

ಜೀಪು ಮಿನಿಯಿಲ್ಲದೆ ಹಿಂತಿರುಗಿತು. ಶ್ರೀಜ ಅದರಲ್ಲಿ ಕೂತು ನೇರ ಪಂಚಾಯತಿಗೆ ಹೋದಳು.

ಆರೋಗ್ಯದ ವಿಷಯ ನೋಡಿಕೊಳ್ಳುತ್ತಿದ್ದ ಮೆಂಬರ್ ರಾಘವನ್ ಸೋಮವಾರದ ಪೆಂಡಾಲಿನ ಗಡಿಬಿಡಿಯಲ್ಲಿದ್ದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಅವರು ಎಂದೂ ಒರಟಾಗಿ ಮಾತಾಡಿದವರಲ್ಲ. ತಜ್ಞರು ಕೊಟ್ಟ ಯೋಜನೆಯನ್ನು ಸಭೆ ಅಂಗೀಕರಿಸಿ ಆಗಿದೆ ಎಂದರು. ಅದರಲ್ಲಿ ಒಂದು ಸಾಲು ಬದಲಿಸಬೇಕಾದರೂ ಸಂಸ್ಥೆಯವರೇ ಬರೆದು ಕೊಡಬೇಕು. ಅವರು ಮತ್ತೆ ಪರಿಶೀಲನೆಗೆ ಬರುವುದು ಮುಂದಿನ ವರ್ಷ. ಅಷ್ಟರೊಳಗೆ ಮಿನಿ ಹೆತ್ತು ಮಗು ನಡೆಯಲು ಕಲಿತಿರುತ್ತದೆ ಎಂದು ಶ್ರೀಜ ಹೇಳಿದ್ದಕ್ಕೆ ಅವರು ನಕ್ಕರು. ಒಂದು ಹೆರಿಗೆಗೆ ಇಡೀ ಕಾಲನಿ ಬೇಕೇ ಮೋಳೆ ಎಂದು ಮಗಳಿಗೆ ಹೇಳುವ ಹಾಗೆ ಕೇಳಿದರು. ಕೊನೆಗೆ, ಅವಳು ಏಳುವ ಮೊದಲು, ಪ್ರಮೋಟರ್‌ಗಳ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ಈ ತಿಂಗಳು ತೀರ್ಮಾನಿಸುವುದಿದೆ ಎಂಬುದನ್ನೂ ನೆನಪಿಸಿದರು.

ಅವಳು ಹೊರಗೆ ಬಂದು ವಿದ್ಯಳಿಗೆ ಫೋನ್ ಮಾಡಿದಳು. ವಿದ್ಯ ಸಂತೋಷದಿಂದಲೇ ಮಾತಾಡಿದಳು. ಸೋಮವಾರ ತಾನೂ ಬರುತ್ತಿದ್ದೇನೆ ಎಂದಳು. ವಿಷಯ ತಿಳಿದ ಮೇಲೆ ಸೋಂಕಿನ ಬಗ್ಗೆ, ಜಾಗದ ಬಗ್ಗೆ ಹೇಳಿದಳು. ಆಮೇಲೆ ಅಂದಳು:

"ಆದ್ರೆ ನಾವು ಕೇಳಿದ್ವಲ್ಲ ಶ್ರೀಜ. ಹೆಚ್ಚು ಜನ ಬೇಕು ಅಂತ ಒಬ್ರೂ ಅನ್ಲಿಲ್ಲ. ನೀವೂ ಅಲ್ಲೇ ಇದ್ರಿ, ನೀವೂ ಹೇಳ್ಲಿಲ್ಲ. ಹೇಳ್ದೇ ಇದ್ದದ್ದು ನನಗೆ ಹೇಗೆ ಗೊತ್ತಾಗ್ಬೇಕು?"

ಆ ಪ್ರಶ್ನೆ ದಾರಿಯುದ್ದಕ್ಕೂ ಶ್ರೀಜಳ ಜೊತೆ ನಡೆದುಬಂತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿತು. ತೋಲ್ಪೆಟ್ಟಿಯಲ್ಲಿ ಇಳಿದು ತೋಟದ ಬೇಲಿ ಹಿಡಿದು ನಡೆಯುವಾಗಲೂ ಬಿಡಲಿಲ್ಲ. ನ್ಯಾಯವಾದ ಪ್ರಶ್ನೆಯೇ. ತಾನು ಸಭೆ ಮುಗಿದ ಮೇಲೆ ವಿದ್ಯಳನ್ನು ಬೇರೆ ಕರೆದು ಹೇಳಬಹುದಿತ್ತೇ? ಬಹುದಿತ್ತೋ ಏನೋ. ಹಾಗೆ ಗುಟ್ಟಾಗಿ ಹೇಳುವ ಯೋಚನೆಯೇ ಆಗ ಅವಳಿಗೆ ಬಂದಿರಲಿಲ್ಲ. ಮನೆಯ ವಿಷಯವನ್ನು ಮನೆಯಾಚೆ ಹೇಗೆ ಎತ್ತಿ ಇಡುವುದೆಂದು ಯಾವ ಕಾಲೇಜಿನಲ್ಲೂ ಕಲಿತಿರಲಿಲ್ಲ. ಹಳ್ಳದ ಹತ್ತಿರ ಬರುವಾಗ ಮಾತ್ರ ಆ ಪ್ರಶ್ನೆ ಮಗ್ಗುಲು ಬದಲಿಸಿತು. ವಿದ್ಯಳಿಗೆ ಗೊತ್ತಾಗಲಿಲ್ಲ, ಸರಿ. ಗೊತ್ತಾಗದ ಜಾಗವನ್ನು ಖಾಲಿ ಬಿಡಬಹುದಿತ್ತಲ್ಲ. ಅಲ್ಲಿ ಒಬ್ಬರು ಎಂದು ತುಂಬಿದವರು ಯಾರು? ನಾವು ಸುಮ್ಮನಿದ್ದದ್ದು ನಮ್ಮದು. ಅದರೊಳಗೆ ತಮ್ಮ ಮಾತನ್ನು ಇಟ್ಟು, ಇದು ನೀವೇ ಆಡಿದ್ದು ಎಂದು ನಮಗೇ ಹಿಂದಿರುಗಿಸುವುದು ಯಾವ ಲೆಕ್ಕ?

ಆ ಸಂಜೆ ಹಾಡಿಯ ಯಜಮಾನ, ಮೂಪನ್ ಕುಳ್ಳನ್ ದೊಡ್ಡಪ್ಪನ ಅಂಗಳದಲ್ಲಿ ಜನ ಸೇರಿದರು. ಮಿನಿಯನ್ನು ಕರೆದಿರಲಿಲ್ಲ. ಶ್ರೀಜ ಯಾವುದನ್ನೂ ಮುಚ್ಚಿಡಲಿಲ್ಲ, ತನ್ನ ಕೆಲಸದ ವಿಷಯವನ್ನೂ. ಮೊದಲು ಮಾತಾಡಿದ್ದು ಕಾಳಿ ಅಜ್ಜಿ.

"ನಾ ಸತ್ತಾಗ ಎಷ್ಟ್ ಜನ ಹೊರ್ಬೇಕು ಅಂತಾನೂ ಬರ್ದಿದ್ದಾಳಾ ಆ ಯಮ್ಮ?"

ಯಾರೋ, ನಿನ್ನನ್ನು ಹೊರಲು ಒಬ್ಬರು ಸಾಕು ಅಜ್ಜಿ, ಗಾಳಿಗೆ ಹಾರುತ್ತೀ ಎಂದರು. ಜನ ನಕ್ಕರು. ಶ್ರೀಜ ನಗಲಿಲ್ಲ. ಬಸ್ಸಿನಲ್ಲಿ ಮನಸ್ಸಿನೊಳಗೆ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದಳು. ಬೇಡ ಎನ್ನುವುದು ನಮ್ಮಲ್ಲಿ ಇಲ್ಲ. ಹಾಗಿದ್ದ ಮೇಲೆ ನಾವು ಏಕೆ ಅನ್ನಬೇಕು? ಸೋಮವಾರ ಮಿನಿ ಹೋಗಲಿ. ಅವಳ ಜೊತೆ ಯಾರು ಯಾರಿಗೆ ಬರಬೇಕೆನಿಸುತ್ತದೋ ಅವರೆಲ್ಲ ಬರಲಿ.

"ಬೇಡ ಅನ್ನೋದಾದ್ರೆ ಅವ್ರೇ ಅನ್ಲಿ. ಎಲ್ಲರ ಎದುರಿಗೆ, ಒಬ್ಬೊಬ್ಬರ ಹೆಸರು ಹಿಡಿದು ಅನ್ಲಿ. ಆ ಪಾಪದ ಮಾತ್ನ ನಮ್ ಬಾಯಿಂದ ಹೇಳ್ಸಿ ಅವ್ರು ಕೈ ತೊಳ್ಕೊಳ್ಳೋದು ಬೇಡ."

ಅವಳ ಅಣ್ಣ ವಿನೋದ್ ಒಪ್ಪಲಿಲ್ಲ. ಅರಣ್ಯ ಇಲಾಖೆಯಲ್ಲಿ ಬೆಂಕಿ ಕಾಯುವ ವಾಚರ್ ಅವನು. ಅಧಿಕಾರಿಗಳ ಗೇಟಿನ ಮುಂದೆ ನಿಲ್ಲುವುದು ಏನೆಂದು ಅವನಿಗೆ ತಿಳಿದಿತ್ತು. ಗೇಟು ತೆಗೆಯದಿದ್ದರೆ? ಅಲ್ಲೇ ರಸ್ತೆಯಲ್ಲಿ ಅವಳಿಗೆ ಏನಾದರೂ ಆದರೆ? ಶ್ರೀಜಳ ಎದೆಯಲ್ಲೂ ಅದೇ ಭಯವಿತ್ತು, ಆದರೆ ಅವಳು ಅದನ್ನು ತೋರಿಸಲಿಲ್ಲ. ಆ ರಸ್ತೆಯಿಂದ ಡಾಕ್ಟರ ಹತ್ತಿರಕ್ಕೆ ಒಂದು ಗೋಡೆಯಷ್ಟೇ ದೂರ ಅಣ್ಣಾ, ಇಲ್ಲಿಂದ ಎಷ್ಟು ದೂರ ಎಂದು ನಿನಗೇ ಗೊತ್ತಿದೆ ಎಂದಳು. ವಿನೋದ್ ತಲೆಯಾಡಿಸಿದ. ಕುಳ್ಳನ್ ದೊಡ್ಡಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಯಾರು ಯಾರು ಹೋಗುತ್ತೀರೆಂದು ಕೇಳದೆ, ಜೀಪಿಗೆ ಎಲ್ಲಿ ನಿಲ್ಲಲು ಹೇಳಬೇಕೆಂದಷ್ಟೇ ಕೇಳಿದ.

ಸೋಮವಾರ ಬೆಳಿಗ್ಗೆ ಹೊರಟವರು ಒಂದು ಜೀಪಿನಲ್ಲಿ ಹಿಡಿಸಲಿಲ್ಲ. ಡ್ರೈವರ್ ಗೊಣಗಿದ. ಯಾರೂ ಇಳಿಯಲಿಲ್ಲ. ಶ್ರೀಜ ಇನ್ನೊಂದು ಜೀಪು ಕರೆಸಿದಳು. ಉಳಿದವರು ಬಸ್ಸು ಹತ್ತಿದರು.

ತಂಗುಮನೆಗೆ ಬಣ್ಣ ಹೊಡೆದಿದ್ದರು, ಬಾಗಿಲಿಗೆ ರಿಬ್ಬನ್ ಕಟ್ಟಿದ್ದರು. ರಾಘವನ್ ಬಿಳಿ ಮುಂಡಿನಲ್ಲಿ ಗೇಟಿನವರೆಗೆ ಬಂದು ಮಿನಿಯನ್ನು ನಗುತ್ತಲೇ ಬರಮಾಡಿಕೊಂಡರು. ಅವಳ ಹಿಂದೆ ಮಿನಿಯ ತಾಯಿ ಇಳಿದಾಗಲೂ ನಗು ಇತ್ತು. ಕಾಳಿ ಅಜ್ಜಿ ಇಳಿದಳು, ಅತ್ತೆ ಇಳಿದಳು, ಎರಡನೆಯ ಜೀಪು ಬಂತು, ಬಸ್ಸಿನವರು ಪಾತ್ರೆ ಚಾಪೆ ಹೊತ್ತು ತಿರುವಿನಲ್ಲಿ ಕಾಣಿಸಿಕೊಂಡರು. ಆಗ ರಾಘವನ್ ಮುಖ ಬಿಗಿಯಿತು. ಅವರು ಶ್ರೀಜಳನ್ನು ಪಕ್ಕಕ್ಕೆ ಕರೆದು, ಇದೇನು ಹಬ್ಬವೇ, ಒಬ್ಬರನ್ನು ಇಟ್ಟುಕೊಂಡು ಮಿಕ್ಕವರನ್ನು ಕಳಿಸು ಎಂದು ಮೆಲ್ಲಗೆ ಹೇಳಿದರು. ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಶ್ರೀಜಳ ಕೆಲಸ. ಆ ದಿನ ಅವಳು ಅದನ್ನು ಮಾಡಲಿಲ್ಲ. ನೀವೇ ಹೇಳಿ ಸಾರ್, ಅವರಿಗೆ ಮಲಯಾಳ ಬರುತ್ತದೆ ಎಂದಳು.

ಸಿಸ್ಟರ್ ರೀನ ಪಾಸು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ವಾರವಾರ ಹಾಡಿಗೆ ಬಂದು ಮಿನಿಯ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡುತ್ತಿದ್ದವಳು ಅವಳೇ. ಪಾಸಿನಲ್ಲಿ ಒಂದು ಹೆಸರಿಗೆ ಜಾಗ ಇತ್ತು. ಯಾರ ಹೆಸರು ಬರೆಯಲಿ ಎಂದು ಅವಳು ಮಿನಿಯನ್ನು ಕೇಳಿದಳು.

ಮಿನಿ ಮಾತಾಡಲಿಲ್ಲ. ಅವಳ ಹಿಂದೆ ನಿಂತವರು ಯಾರೂ ಮಾತಾಡಲಿಲ್ಲ. ಪೆಂಡಾಲಿನ ಮೈಕು ಹಲೋ ಹಲೋ ಎಂದು ಒಂದೆರಡು ಸಲ ಕೂಗಿ ತಾನೂ ಸುಮ್ಮನಾಯಿತು. ಬಾಗಿಲ ಹತ್ತಿರ ನಿಂತಿದ್ದ ವಿದ್ಯ ಕೆಳಗಿಳಿದು ಬಂದಳು. ಆ ಮೌನವನ್ನು ಅವಳು ಹಿಂದೊಮ್ಮೆ ಕೇಳಿದ್ದಳು. ಅದು ಅವಳ ಮುಖದಲ್ಲೇ ತಿಳಿಯುತ್ತಿತ್ತು.

"ಅವತ್ತು ಕೊಟ್ಟದ್ದೂ ಇದೇ ಉತ್ತರ ಮೇಡಂ," ಎಂದಳು ಶ್ರೀಜ. "ಈಗ ಬರ್ಕೊಳ್ಳಿ."

ವಿದ್ಯಳ ಕೈಯಲ್ಲಿ ಏನೂ ಇರಲಿಲ್ಲ. ಅವಳು ರಾಘವನ್ ಕಡೆ ನೋಡಿದಳು, ರಾಘವನ್ ಅವಳ ಕಡೆ. ಯೋಜನೆ ನಿಮ್ಮದು ಎಂದು ಅವರು ಅಂದರು. ಅದಕ್ಕೆ ಸಹಿ ಹಾಕಿದ್ದು ನೀವು ಎಂದಳು ಅವಳು. ಬಿಸಿಲು ಏರುತ್ತಿತ್ತು. ಮಿನಿ ಊದಿದ ಕಾಲುಗಳ ಮೇಲೆ ಭಾರವನ್ನು ಅತ್ತಿಂದಿತ್ತ ಬದಲಿಸುವುದನ್ನು ಶ್ರೀಜ ನೋಡುತ್ತಿದ್ದಳು. ಸಾಕು, ಯಾರಾದರೂ ಒಬ್ಬರ ಹೆಸರು ಹೇಳಿಬಿಡೋಣ, ಮೊದಲು ಇವಳು ಒಳಗೆ ಸೇರಲಿ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ತಡೆದದ್ದು ಮಿನಿ. ಅವಳು ತಾನಾಗಿಯೇ ಗೇಟಿನ ಕಡೆ ಒಂದು ಹೆಜ್ಜೆ ಇಟ್ಟು ರೀನಳ ಎದುರಿಗೆ ನಿಂತಳು.

"ನಾ ಬರ್ತೀನಿ ಸಿಸ್ಟರೇ. ಇಲ್ಲೇ ಹೆರ್ತೀನಿ. ಇವ್ರಲ್ಲಿ ಯಾರು ಬೇಡ ಅಂತ ನೀವ್ ಹೇಳಿ."

ರೀನ ಪಾಸಿನಿಂದ ತಲೆ ಎತ್ತಿದಳು.

"ಇದು ನಮ್ಮಮ್ಮ. ಇವ್ರು ಬೇಡ್ವಾ?"

ರೀನ ಪಾಸನ್ನು ತಿರುಗಿಸಿ ಹಿಂಬದಿ ನೋಡಿದಳು.

"ಇದು ಕಾಳಿ ಅಜ್ಜಿ. ನನ್ ಗಂಡನ್ನ ಮೊದಲು ಕೈಯಲ್ಲಿ ಹಿಡಿದದ್ದು ಇವ್ರೇ. ಇವ್ರು ಬೇಡ್ವಾ? ಹೇಳಿ."

ಮಿನಿ ದನಿ ಏರಿಸಲಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಮುಂದಕ್ಕೆ ಕರೆದಳು. ಕರೆಸಿಕೊಂಡವರು ಮುಂದೆ ಬಂದು ನಿಂತರು. ಪ್ರತಿ ಸಲವೂ ಒಂದೇ ಪ್ರಶ್ನೆ. ರೀನಳ ಪೆನ್ನು ಕಾಗದ ಮುಟ್ಟಲಿಲ್ಲ. ಆಮೇಲೆ ಮಿನಿ ಅದನ್ನೇ ರಾಘವನ್‌ಗೆ ಕೇಳಿದಳು. ಮುಂದಿನ ಚುನಾವಣೆಯನ್ನು ನೆನೆದರೋ, ತಮ್ಮ ಮನೆಯ ಯಾವ ಹೆರಿಗೆಯನ್ನು ನೆನೆದರೋ, ಅವರು ಗಂಟಲು ಸರಿಪಡಿಸಿಕೊಂಡರು, ಅಷ್ಟೆ. ವಿದ್ಯಳಿಗೂ ಕೇಳಿದಳು. ವಿದ್ಯ ಬಾಯಿ ತೆರೆದಳು, ಮುಚ್ಚಿದಳು.

ಗೇಟಿನ ಈಚೆಗಿದ್ದ ಮೌನ ಆಚೆಗೆ ಹೋಗಿತ್ತು. ಶ್ರೀಜ ಹುಟ್ಟಿದಾಗಿನಿಂದ ತನ್ನವರ ಸುಮ್ಮನಿರುವಿಕೆಯ ನಡುವೆ ಬೆಳೆದವಳು. ಅದನ್ನು ಹೊರಗಿನವರಿಗೆ ಅರ್ಥಮಾಡಿಸಲಾಗದೆ ನಾಚಿದವಳು, ಕೆಲವೊಮ್ಮೆ ಅದರ ಮೇಲೆ ಸಿಟ್ಟಾದವಳು. ಸಹಿ ಹಾಕುವ ಜನ ಮಾತಿಲ್ಲದೆ ನಿಂತದ್ದನ್ನು ಅವಳು ಮೊದಲ ಸಲ ನೋಡುತ್ತಿದ್ದಳು. ಅವಳಿಗೆ ಕನಿಕರವೇನೂ ಬರಲಿಲ್ಲ.

"ಯಾರೂ ಬೇಡ ಅನ್ಲಿಲ್ಲ," ಎಂದಳು ಮಿನಿ, ಸಾಕ್ಷಿಗೆ ಎಂಬಂತೆ ಹಿಂತಿರುಗಿ ಹಾಡಿಯವರನ್ನು ನೋಡಿ. ಆಮೇಲೆ ಒಳಗೆ ನಡೆದಳು.

ಅವಳ ಹಿಂದೆ ಎಲ್ಲರೂ ನಡೆದರು. ಗೇಟಿನವನು ಎಣಿಸಲು ಶುರುಮಾಡಿ, ಪಾತ್ರೆಗಳ ನಡುವೆ ಲೆಕ್ಕ ತಪ್ಪಿ, ಬಿಟ್ಟುಬಿಟ್ಟ. ರಿಬ್ಬನ್ ಕತ್ತರಿಸಲು ಯಾರಿಗೂ ನೆನಪಾಗಲಿಲ್ಲ. ಕಾಳಿ ಅಜ್ಜಿ ಅದನ್ನು ಮೇಲಕ್ಕೆತ್ತಿ ಹಿಡಿದಳು, ಹೆಂಗಸರು ಅದರಡಿ ತಲೆ ತಗ್ಗಿಸಿ ಒಳಗೆ ಹೋದರು. ಗಂಡಸರು ಜಗಲಿಯಲ್ಲಿ ಕೂತರು. ಒಳಗೆ ಮಂಚಗಳು ಗೋಡೆಗೆ ಸರಿದವು, ಚಾಪೆಗಳು ಬಿದ್ದವು. ಹಿಂದಿನ ಅಂಗಳದಲ್ಲಿ ಯಾರೋ ಆಗಲೇ ಗಂಜಿಗೆ ನೀರಿಡುತ್ತಿದ್ದರು. ರೀನ ಪಾಸನ್ನು ಜೇಬಿಗೆ ಸೇರಿಸಿ, ಜಾಗ ಬಿಡಿ ಜಾಗ ಬಿಡಿ ಎಂದು ಗದರುತ್ತ ಬಂದು ಮಿನಿಯ ತೋಳಿಗೆ ಪಟ್ಟಿ ಸುತ್ತಿದಳು. ನೋಡಿದಳು. ಇನ್ನೊಮ್ಮೆ ನೋಡಿದಳು. ಹೆಚ್ಚಿದೆ, ಡಾಕ್ಟರನ್ನು ಕರೆಯುತ್ತೇನೆ, ಹೆದರಬೇಡ ಎಂದು ಹೇಳಿ ಗೋಡೆಯ ಪಕ್ಕದ ಬಾಗಿಲಿನಿಂದ ಹೋದಳು. ಡಾಕ್ಟರು ಬರಲು ಹೊತ್ತಾಗಲಿಲ್ಲ. ಮಾತ್ರೆ ಕೊಟ್ಟರು, ಎಡಮಗ್ಗುಲಿಗೆ ಮಲಗಿಸಿದರು, ಒಳ್ಳೆಯ ಸಮಯಕ್ಕೆ ಕರೆತಂದಿರಿ ಎಂದರು.

ವಿದ್ಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬರಬೇಕೋ ಹೋಗಬೇಕೋ ತಿಳಿಯದವಳಂತೆ. ಕಾಳಿ ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತ ನಿಂತದ್ದು? ಬಂದಿದ್ದೀಯಲ್ಲ, ಕೂತ್ಕೋ. ನಿನ್ನನ್ನೂ ಬೇಡ ಅನ್ನೋ ಹಾಗಿಲ್ಲ, ನಮ್ ಕರ್ಮ."

ಹೆಂಗಸರು ನಕ್ಕರು. ವಿದ್ಯ ಚಪ್ಪಲಿ ಕಳಚಿ ಚಾಪೆಯ ಅಂಚಿನಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಶ್ರೀಜಳ ಕಡೆ ಬಾಗಿ, ಹಾಗಾದರೆ ಎಷ್ಟು ಜನ ಎಂದು ತಿದ್ದಲಿ ಎಂದು ಪಿಸುಗುಟ್ಟಿದಳು. ಏನನ್ನೂ ತುಂಬಬೇಡಿ, ಆ ಜಾಗ ಖಾಲಿ ಇರಲಿ ಎಂದಳು ಶ್ರೀಜ. ವಿದ್ಯ ಒಪ್ಪಿದಳೋ ಇಲ್ಲವೋ ಅವಳು ನೋಡಲು ಹೋಗಲಿಲ್ಲ. ಮಿನಿಗೆ ನಿದ್ದೆ ಹತ್ತಿತ್ತು. ತಾಯಿಯ ಕೈ ಅವಳ ನೆತ್ತಿಯ ಮೇಲಿತ್ತು, ಅಜ್ಜಿಯ ಕೈ ಪಾದದ ಮೇಲೆ.

ಶ್ರೀಜ ಹೊರಗೆ ಬಂದಾಗ ರಾಘವನ್ ಖಾಲಿ ಪೆಂಡಾಲಿನಲ್ಲಿ ಒಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೇಪರಿನವರು ಫೋಟೋ ತೆಗೆದುಕೊಂಡು ಹೋಗಿಯಾಗಿತ್ತು, ರಿಬ್ಬನ್ ಕತ್ತರಿಸುವುದರದ್ದಲ್ಲ, ಅದರಡಿ ತಲೆ ತಗ್ಗಿಸಿ ಹೋದವರದ್ದು. ಅವಳು ನಿಯಮ ಮುರಿದಿದ್ದಾಳೆ, ಇದಕ್ಕೆ ಲಿಖಿತವಾಗಿ ವಿವರಣೆ ಕೊಡಬೇಕಾಗುತ್ತದೆ, ಕೆಲಸದ ವಿಷಯ ತಮ್ಮ ಕೈಯಲ್ಲಿಲ್ಲ ಎಂದು ಅವರು ಹೇಳಿದರು. ಶರಿ ಸಾರ್ ಎಂದಳು ಅವಳು. ಅವಳ ದನಿಯಲ್ಲಿ ಏನು ಕೇಳಿಸಿತೋ, ಅವರು ತಲೆ ಎತ್ತಿ ನೋಡಿದರು.

"ಇವ್ರೆಲ್ಲ ಯಾವಾಗ ಹೋಗ್ತಾರೆ ಮೋಳೆ?"

ರಸ್ತೆಯಾಚೆ ತೋಲ್ಪೆಟ್ಟಿಯ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಅದರಿಂದ ಇನ್ನಿಬ್ಬರು ಹೆಂಗಸರು ಚಾಪೆ ಹಿಡಿದು ಇಳಿಯುತ್ತಿದ್ದರು.

"ಇನ್ನೂ ಬರ್ತಾ ಇದ್ದಾರೆ ಸಾರ್," ಎಂದಳು ಶ್ರೀಜ, ಅವರನ್ನು ಕರೆದುಕೊಂಡು ಬರಲು ಗೇಟಿನ ಕಡೆ ಹೊರಟಳು.